ಸಿಮ್ಲಾ ಆಫೀಸಿನಿಂದ ಪಾವಗಡದ ಹೊಲಕ್ಕೆ

ಪುಣೆಯ ಶಿವಾಜಿನಗರದಲ್ಲಿ ‘ಸಿಮ್ಲಾ ಆಫೀಸ್’ ಎಂಬ ಬಸ್ ಸ್ಟಾಪ್ ಇರುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಎಲ್ಲಿಯ ಸಿಮ್ಲಾ, ಎಲ್ಲಿಯ ಪುಣೆ ಎಂದು ಊರಿಗೆ ಹೊಸದಾಗಿ ಬಂದವರು ಕೇಳುತ್ತಾರೆ. ಹಳಬರು ಹೆಸರಿಗೆ ಒಗ್ಗಿ ಹೋಗಿದ್ದಾರೆ. ಅಲ್ಲಿರುವ ಹಳೆಯ ಕಟ್ಟಡ ಭಾರತೀಯ ಹವಾಮಾನ ಇಲಾಖೆಯದು. 1928ರಲ್ಲಿ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು, 1944ರಲ್ಲಿ ದೆಹಲಿಗೆ ಹೋಯಿತು. ಸಿಮ್ಲಾ ಎಂಬ ಹೆಸರು ಮಾತ್ರ ಪುಣೆಯಲ್ಲೇ ಉಳಿಯಿತು.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಒಂದು ಅಂಕಿ ಹೇಳುತ್ತದೆ. ಈ ಸಲದ ಮುಂಗಾರು ವಾಡಿಕೆಯ ಶೇ. 96, ಅಥವಾ ಶೇ. 103, ಹೀಗೆ. ಟಿವಿಯವರು ಅದನ್ನೇ ದಿನವಿಡೀ ತೋರಿಸುತ್ತಾರೆ, ಷೇರು ಪೇಟೆ ಏರುತ್ತದೆ ಅಥವಾ ಇಳಿಯುತ್ತದೆ. ನನ್ನ ತವರು ವಿಜಯಪುರದ ಕಡೆ. ಅಲ್ಲಿ ಹೊಲ ಮಾಡುವವರು ಆ ಅಂಕಿಯನ್ನು ಕೇಳಿ ತಲೆಯಾಡಿಸಿ ಸುಮ್ಮನಾಗುತ್ತಾರೆ. ಅವರಿಗೆ ಬೇಕಾಗಿರುವುದು ಇಡೀ ದೇಶದ ಸರಾಸರಿಯಲ್ಲ, ಯಾವಾಗ ಬಿತ್ತಬೇಕು ಎಂಬುದು. ಹೀಗೆ ರೈತ ಕೇಳುವುದು ಒಂದು, ವಿಜ್ಞಾನ ಹೇಳುವುದು ಇನ್ನೊಂದು ಏಕಾಯಿತು ಎಂದು ಹುಡುಕುತ್ತ ಹೋದರೆ ಸುಮಾರು 150 ವರ್ಷ ಹಿಂದಕ್ಕೆ, ಒಂದು ದೊಡ್ಡ ಬರಗಾಲಕ್ಕೆ ಹೋಗಿ ಮುಟ್ಟುತ್ತೇವೆ.

ಹಳೇ ಮೈಸೂರಿನವರು ಅದನ್ನು ಧಾತು–ಈಶ್ವರ ಬರ ಎನ್ನುತ್ತಾರೆ. ಧಾತು ಮತ್ತು ಈಶ್ವರ ಅಂದರೆ 1876 ಮತ್ತು 1877ರ ಸಂವತ್ಸರಗಳ ಹೆಸರು. ತಮಿಳರೂ ಅದನ್ನು ಧಾತು ವರ್ಷದ ಬರ ಎಂದೇ ನೆನೆಯುತ್ತಾರೆ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮುಂದಿನ ವರ್ಷವೂ ಮಳೆ ಸರಿಯಾಗಲಿಲ್ಲ. ಮೈಸೂರು ಸಂಸ್ಥಾನದ ಜನಗಣತಿ ನೋಡಿ: 1871ರಲ್ಲಿ 50,55,412 ಜನ, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಗ್ಗಿತು. ಮದ್ರಾಸ್, ಮುಂಬಯಿ ಪ್ರಾಂತಗಳು, ಹೈದರಾಬಾದು, ಮೈಸೂರು ಎಲ್ಲ ಸೇರಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. ಅಲ್ಲಿನ ಜೋಳದ ಹೊಲಗಳೂ ಒಣಗಿದವು.

ಮಳೆ ಬಾರದಿದ್ದರೆ ಬೆಳೆ ಸಾಯುತ್ತದೆ, ಅದು ಹವಾಮಾನದ ಕೆಲಸ. ಆದರೆ ಬೆಳೆ ಹೋದ ಮಾತ್ರಕ್ಕೆ ಲಕ್ಷಗಟ್ಟಲೆ ಜನ ಸಾಯಬೇಕೆಂದಿಲ್ಲ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕಥೆ ಇದಕ್ಕೆ ಸಾಕ್ಷಿ. 1873–74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ, ಹೆಚ್ಚು ಸಾವಾಗಲಿಲ್ಲ. ಆದರೆ ಖರ್ಚು ಅತಿಯಾಯಿತೆಂದು ಬೈಗುಳ ತಿಂದ. ಮೂರು ವರ್ಷದ ನಂತರ ಅವನನ್ನೇ ದಕ್ಷಿಣದ ಬರ ನೋಡಲು ಕಳಿಸಿದಾಗ ಅವನು ಬೇರೆಯೇ ಮನುಷ್ಯನಾಗಿದ್ದ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ ಸಾಕು ಎಂದು ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕಿಂತ ಕಡಿಮೆ. ಹೆಂಗಸರಿಗೆ ಇನ್ನೂ ಕಡಿಮೆ ಕೂಲಿ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ಬರೆದು ಜಗಳವಾಡಿದ. ಮುಂಬಯಿ ಪ್ರಾಂತದಲ್ಲಿ ಕೂಲಿಕಾರರು ಕೆಲಸ ಬಿಟ್ಟು ಹೊರನಡೆದರು. ನಮ್ಮ ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು, ದಖ್ಖನಿನ ಹಳ್ಳಿಗಳ ಸ್ಥಿತಿಯನ್ನು ಸರ್ಕಾರಕ್ಕೆ ಬರೆದು ತಿಳಿಸಿತು. ಇದೇ ಹೊತ್ತಿನಲ್ಲಿ, 1877ರ ಜನವರಿ 1ರಂದು, ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿ ಎಂದು ಸಾರಿದ ದರ್ಬಾರ್ ನಡೆಯಿತು. ಧಾನ್ಯದ ರಫ್ತು ನಿಲ್ಲಲಿಲ್ಲ.

ಹೆಂಗಸರಿಗೇಕೆ ಕಡಿಮೆ ಎಂದು ನಾನು ಕೇಳುವುದಿಲ್ಲ, ಉತ್ತರ ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಬರದ ವರ್ಷ ಮನೆಯಲ್ಲಿ ಕೊನೆಗೆ ಉಣ್ಣುವವಳು ಯಾರು, ಬಿತ್ತನೆಗೆಂದು ಬೂದಿ ಬೆರೆಸಿ ಎತ್ತಿಟ್ಟ ಬೀಜದ ಜೋಳಕ್ಕೆ ಕೈ ಹಾಕಬೇಕೋ ಬೇಡವೋ ಎಂದು ಲೆಕ್ಕ ಹಾಕುವವಳು ಯಾರು ಎಂಬುದು ಯಾವ ಸರ್ಕಾರಿ ವರದಿಯಲ್ಲೂ ಕಾಲಂ ಆಗಿ ಬರುವುದಿಲ್ಲ.

ಹವಾಮಾನ ಇಲಾಖೆ ಶುರುವಾದದ್ದು ಈ ಬರದ ಹಿಂದಿನ ವರ್ಷ, 1875ರಲ್ಲಿ. ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. ಚಂಡಮಾರುತ ಮತ್ತು ಬರಗಳ ಪೆಟ್ಟು ತಿಂದೇ ಇಲಾಖೆ ಹುಟ್ಟಿತ್ತು. 1877ರ ನಂತರ ಅದರ ಮುಂದಿದ್ದದ್ದು ಒಂದೇ ದೊಡ್ಡ ಪ್ರಶ್ನೆ: ಮುಂದಿನ ಬರ ಯಾವಾಗ? ಆ ಪ್ರಶ್ನೆ ಖಜಾನೆಯದು. ಭೂಕಂದಾಯ ಎಷ್ಟು ಬರುತ್ತದೆ, ಪರಿಹಾರಕ್ಕೆ ಎಷ್ಟು ಹಣ ತೆಗೆದಿಡಬೇಕು ಎಂದು ಸರ್ಕಾರಕ್ಕೆ ಮೊದಲೇ ತಿಳಿಯಬೇಕಿತ್ತು. ಅದಕ್ಕೆ ದೇಶದ ಒಟ್ಟು ಮಳೆಯ ಅಂದಾಜು ಸಾಕು. ಹಿರೇಕೆರೂರಿನ ರೈತ ಯಾವ ವಾರ ಕೂರಿಗೆ ಕಟ್ಟಬೇಕು ಎಂಬುದು ಸಿಮ್ಲಾದ ಚಿಂತೆಯಾಗಿರಲಿಲ್ಲ.

ಆ ಕಾಲದಲ್ಲಿ ಬಹಳ ಜನಪ್ರಿಯವಾಗಿದ್ದ ಒಂದು ವಾದ ಸೂರ್ಯನ ಕಲೆಗಳದ್ದು. ಡಬ್ಲ್ಯು. ಡಬ್ಲ್ಯು. ಹಂಟರ್ ಎಂಬ ಅಧಿಕಾರಿ 1877ರಲ್ಲಿ ಮದ್ರಾಸಿನ ಮಳೆಯ ಲೆಕ್ಕವನ್ನು ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರಕ್ಕೆ ಹೊಂದಿಸಿ ತೋರಿಸಿದ. ಕಲೆ ಕಡಿಮೆಯಾದಾಗ ಬರ, ಹೆಚ್ಚಾದಾಗ ಮಳೆ. ಆ ಲೆಕ್ಕ ಮುಂದೆ ನಿಲ್ಲಲಿಲ್ಲ. ಆದರೆ ತಪ್ಪು ಸೂರ್ಯನದು ಎಂದರೆ ಆಳುವವರಿಗೆ ಎಷ್ಟು ಹಗುರ! ಇಂದು ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿ, ಕೆರೆ ನುಂಗಿದವರ ಹೆಸರು ಹೇಳದೆ ಸುಮ್ಮನಾಗುವುದನ್ನು ಕಂಡಾಗ ನನಗೆ ಹಂಟರನ ನೆನಪಾಗುತ್ತದೆ.

ಬ್ಲಾನ್‌ಫೋರ್ಡ್ ಹೆಚ್ಚು ಎಚ್ಚರದ ಮನುಷ್ಯ. ಹಿಮಾಲಯದಲ್ಲಿ ವಸಂತದವರೆಗೂ ಹೆಚ್ಚು ಹಿಮ ಉಳಿದ ವರ್ಷ ಮುಂಗಾರು ದುರ್ಬಲವಾಗುತ್ತದೆ ಎಂದು ಅವನು ಗಮನಿಸಿದ. ಹಿಮ ಹೆಚ್ಚಿದ್ದರೆ ಭೂಮಿ ಕಾಯುವುದು ತಡವಾಗುತ್ತದೆ, ನೆಲ ಕಾಯದಿದ್ದರೆ ಸಮುದ್ರದ ಗಾಳಿಯನ್ನು ಎಳೆಯುವ ಬಲ ತಗ್ಗುತ್ತದೆ ಎಂಬುದು ತರ್ಕ. 1886ರಲ್ಲಿ ಇಲಾಖೆಯ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಂತು. ಅವನ ನಂತರ ಬಂದ ಸರ್ ಜಾನ್ ಎಲಿಯಟ್ ಇನ್ನಷ್ಟು ಅಂಶಗಳನ್ನು ಸೇರಿಸಿದ. 1899ರಲ್ಲಿ ಒಳ್ಳೆಯ ಮಳೆಯಾಗುತ್ತದೆ ಎಂದು ಹೇಳಿದ. ಆ ವರ್ಷ ಬಂದದ್ದು ಭೀಕರ ಬರ. ರಾಜಸ್ಥಾನ, ಗುಜರಾತಿನಲ್ಲಿ ಅದನ್ನು ಇವತ್ತಿಗೂ ‘ಛಪ್ಪನಿಯಾ’ ಎನ್ನುತ್ತಾರೆ, ವಿಕ್ರಮ ಸಂವತ್ 1956ರ ಬರ ಎಂದು. ಮುನ್ಸೂಚನೆಯ ಮೇಲೆ ಟೀಕೆಗಳು ಸುರಿದವು, ಮುಂದೆ ಕೆಲವು ವರ್ಷ ಅದನ್ನು ಸರ್ಕಾರದೊಳಗೆ ಗುಟ್ಟಾಗಿಯೇ ಇಟ್ಟರು.

1904ರಲ್ಲಿ ಬಂದವನು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನಲ್ಲಿ ಗಣಿತದ ಪರೀಕ್ಷೆಯಲ್ಲಿ ಮೊದಲಿಗನಾದವನು, ಬೂಮರಾಂಗ್ ಎಸೆಯುವ ಹುಚ್ಚಿದ್ದವನು. ಹವಾಮಾನ ಶಾಸ್ತ್ರ ಕಲಿತವನಲ್ಲ. ಮದ್ರಾಸಿನ ಗುಮಾಸ್ತ ರಾಮಾನುಜನ್ ಅವರಿಗೆ ಸಂಶೋಧನಾ ವೇತನ ಕೊಡಿ ಎಂದು 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದವನೂ ಇವನೇ. ವಾಕರ್ ಮಾಡಿದ್ದು ನಮ್ಮ ಐಟಿ ಭಾಷೆಯಲ್ಲಿ ಡೇಟಾ ಅನಾಲಿಟಿಕ್ಸ್. ದಕ್ಷಿಣ ಅಮೆರಿಕ, ಮಾರಿಷಸ್, ಆಸ್ಟ್ರೇಲಿಯಾ, ಜಾಂಜಿಬಾರ್‌ಗಳ ವಾಯುಭಾರ, ಮಳೆ, ಉಷ್ಣಾಂಶದ ಪಟ್ಟಿಗಳನ್ನು ತರಿಸಿ, ಯಾವುದು ಯಾವುದರ ಜತೆ ಏರುತ್ತದೆ ಇಳಿಯುತ್ತದೆ ಎಂದು ಸಾವಿರಾರು ಲೆಕ್ಕ ಹಾಕಿಸಿದ. ಲೆಕ್ಕ ಹಾಕಿದ್ದು ಯಂತ್ರಗಳಲ್ಲ, ಭಾರತೀಯ ಗುಮಾಸ್ತರು. ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಕುರ್ಚಿಯ ಮೇಲೆ ಕೂತು ಕೂಡಿ ಕಳೆಯುವ ಮನುಷ್ಯ.

1920ರ ದಶಕದ ಆರಂಭದ ಹೊತ್ತಿಗೆ ಒಂದು ದೊಡ್ಡ ತಕ್ಕಡಿ ಕಾಣಿಸಿತು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ವಾಕರ್ ಇದಕ್ಕೆ ‘ಸದರ್ನ್ ಆಸಿಲೇಷನ್’ ಎಂದು ಹೆಸರಿಟ್ಟ. ಪೆರು ದೇಶದ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಬರುವ ಬೆಚ್ಚಗಿನ ನೀರನ್ನು ಎಲ್ ನಿನ್ಯೋ, ಅಂದರೆ ಬಾಲ ಯೇಸು ಎಂದು ಕರೆಯುತ್ತಿದ್ದರು. ಆ ಬಿಸಿ ನೀರಿಗೂ ಈ ತಕ್ಕಡಿಗೂ ನಂಟಿದೆ ಎಂದು ಜೇಕಬ್ ಬ್ಯರ್ಕ್‌ನೆಸ್ ತೋರಿಸಿದ್ದು 1969ರಲ್ಲಿ. ಹಿಂದಿರುಗಿ ನೋಡಿದರೆ 1877ರಲ್ಲಿ ಇದ್ದದ್ದು ದಾಖಲೆಯಲ್ಲಿರುವ ಅತಿ ಪ್ರಬಲ ಎಲ್ ನಿನ್ಯೋಗಳಲ್ಲಿ ಒಂದು. ಮಳೆ ತಪ್ಪಿದ್ದಕ್ಕೆ ಕಾರಣ ಸಿಕ್ಕಿತು, ಸುಮಾರು ತೊಂಬತ್ತು ವರ್ಷ ತಡವಾಗಿ. ಒಂದು ಪೌಂಡ್ ಕೂಲಿಗೆ ಕಾರಣ ಮಾತ್ರ ಪೆಸಿಫಿಕ್ ಸಾಗರದಲ್ಲಿ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ರೈತರು ಕೈಕಟ್ಟಿ ಕೂತಿರಲಿಲ್ಲ. ಅವರ ಬಳಿ ಮಳೆ ನಕ್ಷತ್ರಗಳ ಪಂಚಾಂಗವಿತ್ತು. ಸೂರ್ಯ 27 ನಕ್ಷತ್ರಗಳನ್ನು ವರ್ಷದಲ್ಲಿ ಸುತ್ತುತ್ತಾನೆ, ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಜೂನ್ ಮೊದಲ ವಾರ ಮುಗಿಯುವಾಗ ಮೃಗಶಿರ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಮಘೆ, ಹುಬ್ಬೆ ದಾಟಿ ಸೆಪ್ಟೆಂಬರ್ ಮಧ್ಯಕ್ಕೆ ಉತ್ತರೆ, ಕೊನೆಗೆ ಹಸ್ತ, ಚಿತ್ತೆ, ಸ್ವಾತಿ. ಇದು ಬರೀ ನಂಬಿಕೆಯಲ್ಲ, ಮಣ್ಣಿಗೂ ಬೆಳೆಗೂ ಹೊಂದಿಸಿದ ವೇಳಾಪಟ್ಟಿ. ನಮ್ಮ ಕಡೆಯ ಎರೆಮಣ್ಣು ಮಳೆಗಾಲದ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಉತ್ತರೆ, ಹಸ್ತದ ಮಳೆ ಬಿದ್ದ ಮೇಲೆ ಬಿಳಿಜೋಳ ಬಿತ್ತುತ್ತಾರೆ. ಮುಂದೆ ಮಳೆ ಇಲ್ಲದೆಯೂ ಬೆಳೆ ಮಣ್ಣಿನ ತೇವ ಮತ್ತು ಚಳಿಗಾಲದ ಇಬ್ಬನಿಯ ಮೇಲೆ ನಿಲ್ಲುತ್ತದೆ. ಕೆಂಪು ಮಣ್ಣಿನಲ್ಲಿ ಇದು ನಡೆಯದು, ಅದು ನೀರು ಹಿಡಿಯುವುದೇ ಕಡಿಮೆ. ಇಲ್ಲಿಯ ಮರಾಠಿ ರೈತರೂ ಮೃಗ, ಹಸ್ತ ಎಂದೇ ಲೆಕ್ಕ ಹಾಕುತ್ತಾರೆ, ನಕ್ಷತ್ರಕ್ಕೊಂದು ವಾಹನ ನೋಡುತ್ತಾರೆ.

ಒಂದು ತಾಂತ್ರಿಕ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಕ್ಷತ್ರದ ಲೆಕ್ಕ ಋತುವಿನ ಲೆಕ್ಕಕ್ಕಿಂತ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಸಾವಿರ ವರ್ಷಕ್ಕೆ ಒಂದು ಇಡೀ ನಕ್ಷತ್ರದಷ್ಟು ವ್ಯತ್ಯಾಸ. ಆದರೂ ಪದ್ಧತಿ ಬಾಳಿತೆಂದರೆ ರೈತರು ಅದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳದೆ ತಲೆಮಾರಿನಿಂದ ತಲೆಮಾರಿಗೆ ಸಣ್ಣಗೆ ತಿದ್ದುತ್ತ ಬಂದಿರಬೇಕು ಎಂದು ನನ್ನ ಊಹೆ.

ಸಿಮ್ಲಾ ಆಫೀಸು ಪುಣೆಗೆ ಬಂದದ್ದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಬೆಟ್ಟದ ಮೇಲಿದ್ದ ವಿಜ್ಞಾನ ಎರೆಮಣ್ಣಿನ ಮೇಲೆ ಇಳಿಯಿತು. 1932ರಲ್ಲಿ ಎಲ್. ಎ. ರಾಮದಾಸ್ ಅವರ ನೇತೃತ್ವದಲ್ಲಿ ಇಲ್ಲಿ ಕೃಷಿ ಹವಾಮಾನ ವಿಭಾಗ ಶುರುವಾಯಿತು. ಚಳಿಗಾಲದ ರಾತ್ರಿ ಅತಿ ತಣ್ಣಗಿರುವುದು ನೆಲವಲ್ಲ, ನೆಲದಿಂದ ಸ್ವಲ್ಪ ಮೇಲಿನ ಗಾಳಿಯ ಪದರ ಎಂದು ಕಂಡುಹಿಡಿದವರು ಅವರು. ಮೊದಲು ಯಾರೂ ನಂಬಲಿಲ್ಲ, ಈಗ ಅದಕ್ಕೆ ರಾಮದಾಸ್ ಪದರ ಎಂದೇ ಹೆಸರು. ಎಳೆ ಸಸಿಯ ತಲೆ ಇರುವುದು ಸರಿಯಾಗಿ ಆ ಎತ್ತರದಲ್ಲೇ. ಕಪ್ಪು ಮಣ್ಣಿನ ಮೇಲೆ ಬಿಳಿ ಪುಡಿ ಹರಡಿದರೆ ಮಣ್ಣು ಎಷ್ಟು ತಣ್ಣಗಾಗುತ್ತದೆ ಎಂದೂ ಅವರ ತಂಡ ಅಳೆಯಿತು. ಹವಾಮಾನವನ್ನು ದೇಶದ ನಕ್ಷೆಯಲ್ಲಿ ಅಲ್ಲ, ಸಸಿಯ ಎತ್ತರದಲ್ಲಿ ನೋಡುವ ಕೆಲಸ ಅದು.

ಅಳೆಯುವುದಕ್ಕೆ ಸಾಧನ ಬೇಕಲ್ಲ? ಅಲ್ಲಿಗೆ ಬರುತ್ತಾರೆ ಅಣ್ಣಾ ಮಣಿ. ನಮ್ಮ ಮಹಿಳಾ ವೇದಿಕೆಯಲ್ಲಿ ಇವರ ಬಗ್ಗೆ ಒಮ್ಮೆಯಾದರೂ ಪೂರ್ತಿ ಕಾರ್ಯಕ್ರಮ ಮಾಡಬೇಕು. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಧ್ಯಯನ ಮಾಡಿದರು, ಐದು ಪ್ರಬಂಧ ಪ್ರಕಟಿಸಿದರು. ಎಂಎಸ್ಸಿ ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳನ್ನು ಕಲಿತು 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು.

ಆಗ ಮಳೆಮಾಪಕದಂಥ ಸಾಮಾನ್ಯ ಸಾಧನಗಳೂ ಬ್ರಿಟನ್‌ನಿಂದ ಬರುತ್ತಿದ್ದವು. ಅಣ್ಣಾ ಮಣಿ ಮತ್ತು ಸಂಗಡಿಗರು ಸುಮಾರು ನೂರು ಉಪಕರಣಗಳ ನಕಾಶೆಗಳನ್ನು ಪ್ರಮಾಣೀಕರಿಸಿ ಇಲ್ಲಿಯೇ ತಯಾರಾಗುವಂತೆ ಮಾಡಿದರು. 1953ರ ಹೊತ್ತಿಗೆ ವಿಭಾಗದ ಮುಖ್ಯಸ್ಥೆ, ಕೈಕೆಳಗೆ 121 ಗಂಡಸರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದಲ್ಲಿ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲ ಹಾಕಿದರು. ಬಿಸಿಲನ್ನು ಅಳೆದು ಏನಾಗಬೇಕು ಎನ್ನಬೇಡಿ. ಹೊಲದಿಂದ ಎಷ್ಟು ನೀರು ಆವಿಯಾಗುತ್ತದೆ, ಬೆಳೆ ಎಷ್ಟು ಬೇಗ ಬಲಿಯುತ್ತದೆ ಎಂಬ ಲೆಕ್ಕದಲ್ಲಿ ಮಳೆ ಜಮೆ, ಬಿಸಿಲು ಖರ್ಚು. ಖರ್ಚು ಬರೆಯದ ಪುಸ್ತಕದಿಂದ ಸಂಸಾರ ನಡೆಯುವುದಿಲ್ಲ. 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಗಾಳಿ ಮತ್ತು ಬಿಸಿಲು ಅಳೆಯುವ ಸಾಧನಗಳ ಕಾರ್ಯಾಗಾರ ನಡೆಸಿದರು. ತಾವು ಹೆಣ್ಣೆಂಬ ಕಾರಣಕ್ಕೆ ವಿಶೇಷವಾಗಿ ಹೋರಾಡಬೇಕಾಯಿತು ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಆ ಪಿಎಚ್‌ಡಿ ಕಥೆ ಓದಿದ ಮೇಲೆ ನನಗೆ ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ.

ರೈತನ ಪ್ರಶ್ನೆಯನ್ನೇ ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ನನಗೆ ಮುಖ್ಯವಾಗಿ ಕಾಣುವವರು ಸುಲೋಚನಾ ಗಾಡ್ಗೀಳ್. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಹಾರ್ವರ್ಡ್‌ನಲ್ಲಿ ಗಣಿತದ ಡಾಕ್ಟರೇಟ್ ಪಡೆದು ಬಂದವರು. ಸ್ವಲ್ಪ ಕಾಲ ಪುಣೆಯಲ್ಲಿ ಕೆಲಸ ಮಾಡಿ, ಆಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ನೆಲೆಸಿದರು. ನಾವು ಕರ್ನಾಟಕದಿಂದ ಇಲ್ಲಿಗೆ ಬಂದೆವು, ಅವರು ಇಲ್ಲಿಂದ ಅಲ್ಲಿಗೆ ಹೋದರು, ಲೆಕ್ಕ ಸರಿಹೋಯಿತು. ಮುಂಗಾರು ಎಂದರೆ ನೆಲ ಮತ್ತು ಸಮುದ್ರದ ಬಿಸಿಯ ವ್ಯತ್ಯಾಸದಿಂದ ಹುಟ್ಟುವ ದೊಡ್ಡ ತಂಗಾಳಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಗಲ್ಲ, ಸಮಭಾಜಕದ ಬಳಿಯ ಮೋಡಗಳ ಪಟ್ಟಿಯೇ ಋತುವಿನ ಜತೆ ಉತ್ತರಕ್ಕೆ ಸರಿದು ಬರುವುದು ಮುಂಗಾರು ಎಂದು ಅವರು ಮತ್ತು ಡಿ. ಆರ್. ಸಿಕ್ಕಾ 1980ರಲ್ಲಿ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ವಾದಿಸಿದರು.

1997ರಲ್ಲಿ ಅತಿ ಪ್ರಬಲ ಎಲ್ ನಿನ್ಯೋ ಇತ್ತು, ಬರ ಗ್ಯಾರಂಟಿ ಎಂದು ಎಲ್ಲರೂ ಹೆದರಿದರು. ಮಳೆ ವಾಡಿಕೆಗಿಂತ ತುಸು ಹೆಚ್ಚೇ ಆಯಿತು. 2002ರಲ್ಲಿ ಎಲ್ ನಿನ್ಯೋ ಅಷ್ಟು ಬಲವಾಗಿರಲಿಲ್ಲ, 16 ಅಂಶಗಳ ಮಾಡೆಲ್ ವಾಡಿಕೆಯ ಮಳೆ ಎಂದಿತ್ತು. ಜುಲೈನಲ್ಲಿ ಬಂದದ್ದು ವಾಡಿಕೆಯ ಸುಮಾರು ಅರ್ಧ, ಇಡೀ ಋತುವಿನಲ್ಲಿ ಶೇ. 19ರಷ್ಟು ಕೊರತೆ. ನಮ್ಮ ವೃತ್ತಿಯವರಿಗೆ ಇದು ಪರಿಚಿತ ರೋಗ: ಹಳೆಯ ಡೇಟಾಕ್ಕೆ ಅತಿಯಾಗಿ ಹೊಂದಿಸಿದ ಮಾಡೆಲ್ ಹೊಸ ವರ್ಷದಲ್ಲಿ ಮುಗ್ಗರಿಸುತ್ತದೆ. ಪೆಸಿಫಿಕ್ ಮಾತ್ರವಲ್ಲ, ನಮ್ಮದೇ ಹಿಂದೂ ಮಹಾಸಾಗರದ ಸಮಭಾಜಕದ ಮೇಲೆ ಮೋಡ ಎಲ್ಲಿ ಕಟ್ಟುತ್ತದೆ ಎಂಬುದೂ ಮುಖ್ಯ ಎಂದು ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಆಫ್ರಿಕಾದ ಕಡೆ ಕಟ್ಟಿದರೆ ನಮಗೆ ಒಳಿತು, ಸುಮಾತ್ರಾದ ಕಡೆ ಕಟ್ಟಿದರೆ ಕೆಡುಕು.

ಆದರೆ ನನಗೆ ಹೆಚ್ಚು ಹಿಡಿಸುವುದು ಅವರ ಪಾವಗಡದ ಕೆಲಸ. ತುಮಕೂರು ಜಿಲ್ಲೆಯ ಪಾವಗಡ, ಪಕ್ಕದ ಅನಂತಪುರ ಎರಡೂ ಕೆಂಪು ಮಣ್ಣಿನ, ಮಳೆನೆರಳಿನ ಸೀಮೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿ ಸಿರಿಧಾನ್ಯ, ಅಕ್ಕಡಿ ಬೆಳೆಗಳು ಹೋಗಿ ಎಲ್ಲೆಲ್ಲೂ ಶೇಂಗಾ ಬಂತು. ಗಾಡ್ಗೀಳ್ ಮತ್ತು ಸಂಗಡಿಗರು ರೈತರ ಜತೆ ಕೂತು ಅವರು ಏನು ತೀರ್ಮಾನ ಮಾಡಬೇಕಾಗುತ್ತದೆ ಎಂದು ಮೊದಲು ಕೇಳಿದರು. ಅಲ್ಲಿ ಒಂದು ವಿಷಯ ತಿಳಿಯಿತು. ಅಜ್ಜನ ಕಾಲದ ತಿಳಿವಳಿಕೆ ಅಜ್ಜನ ಬೆಳೆಗಳಿಗೆ ಹೊಂದಿಕೊಂಡಿತ್ತು. ನವಣೆ, ಸಜ್ಜೆಗೆ ಸರಿಯಾದ ಮಳೆ ನಕ್ಷತ್ರ ಶೇಂಗಾಕ್ಕೆ ಸರಿ ಎಂದು ಹೇಳಲಾಗದು. ಹೊಸ ಬೆಳೆಗೆ ಗಾದೆಗಳು ಹುಟ್ಟಲು ಇನ್ನೂ ಸಮಯವೇ ಆಗಿರಲಿಲ್ಲ.

ಹಾಗಾಗಿ ದಶಕಗಳ ದಿನದಿನದ ಮಳೆಯ ಲೆಕ್ಕವನ್ನು ಬೆಳೆಯ ಮಾಡೆಲ್‌ಗೆ ಹಾಕಿ, ಇಂಥ ದಿನ ಬಿತ್ತಿದ್ದರೆ ಏನಾಗುತ್ತಿತ್ತು ಎಂದು ವರ್ಷ ವರ್ಷವೂ ನೋಡಿದರು. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ರೈತರು ಯಾವಾಗ ಬೇಕಾದರೂ ಬಿತ್ತುತ್ತಿದ್ದರು, ಮೊದಲ ಹದ ಸಿಕ್ಕಾಗ. ಲೆಕ್ಕ ಹೇಳಿದ್ದು, ಜುಲೈ ಮಧ್ಯದ ನಂತರ ಬಿತ್ತಿದರೆ ಬೆಳೆ ಕೈಕೊಡುವ ಅಪಾಯ ಕಡಿಮೆ ಎಂದು. ಬೇಗ ಬಿತ್ತಿದರೆ ಕಾಯಿ ತುಂಬುವ ಹೊತ್ತಿಗೆ ಮಳೆಯ ಬಿಡುವು ಬಂದು ಬಡಿಯುವ ಸಂಭವ ಹೆಚ್ಚು. ಆದರೆ ನೆಲ ಹದವಾಗಿರುವಾಗ, ಪಕ್ಕದವರು ಬಿತ್ತುತ್ತಿರುವಾಗ, ಮತ್ತೆ ಮಳೆ ಬರುತ್ತದೋ ಇಲ್ಲವೋ ಎಂದಿರುವಾಗ ಮೂರು ವಾರ ಕಾಯುವುದು ಹೇಳಿದಷ್ಟು ಸುಲಭವಲ್ಲ.

ಈಗ ಸೌಲಭ್ಯಗಳು ಬಹಳ. 1988ರಲ್ಲಿ ಕರ್ನಾಟಕ ಸರ್ಕಾರ ಬರ ನಿಗಾ ಘಟಕ ಶುರು ಮಾಡಿತು, ದೇಶದಲ್ಲೇ ಅಂಥದ್ದು ಮೊದಲು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆದು ತಾನೇ ಕಳಿಸುವ ಯಂತ್ರಗಳಿವೆ. ‘ವರುಣ ಮಿತ್ರ’ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಉತ್ತರ ಸಿಗುತ್ತದೆ. 1877ರಂತೆ ಇಂದು ಜನ ಹಸಿವಿನಿಂದ ಲಕ್ಷಗಟ್ಟಲೆ ಸಾಯುವುದಿಲ್ಲ. ಅದಕ್ಕೆ ಮುನ್ಸೂಚನೆಗಿಂತ ರೇಷನ್ ಅಂಗಡಿ ಮತ್ತು ಉದ್ಯೋಗ ಖಾತ್ರಿಯ ಪಾಲು ದೊಡ್ಡದು ಎಂದು ನನ್ನ ಅಭಿಪ್ರಾಯ. ಮಹಾರಾಷ್ಟ್ರದ ರೋಜಗಾರ್ ಹಮಿ ಯೋಜನೆ ಬೆಳೆದದ್ದೇ 1972ರ ಬರದಲ್ಲಿ, ಮತ್ತು ಅಲ್ಲಿ ಬಾಂಡು, ಬುಟ್ಟಿ ಹೊತ್ತವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು.

ಆದರೂ 2023ರ ಲೆಕ್ಕವನ್ನು ಒಮ್ಮೆ ನೋಡಿ. ಅದು ಎಲ್ ನಿನ್ಯೋ ವರ್ಷ. ಏಪ್ರಿಲ್‌ನ ಮುನ್ಸೂಚನೆ ಶೇ. 96, ಕೊನೆಗೆ ದೇಶದಲ್ಲಿ ಆದ ಮಳೆ ಶೇ. 94. ಪರೀಕ್ಷೆಯಲ್ಲಾದರೆ ಫಸ್ಟ್ ಕ್ಲಾಸ್. ಆದರೆ ಜೂನ್‌ನಲ್ಲಿ ಕೊರತೆ, ಜುಲೈನಲ್ಲಿ ಹೆಚ್ಚಳ, ಆಗಸ್ಟ್‌ನಲ್ಲಿ ಶೇ. 36 ಕೊರತೆ, 1901ರ ನಂತರ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮತ್ತೆ ಹೆಚ್ಚಳ. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಜುಲೈ ಮೊದಲ ವಾರ ಹದ ಸಿಕ್ಕಿತೆಂದು ಬಿತ್ತಿದ ಶೇಂಗಾ ಹೂವಿಗೆ ಬಂದು ಊಡು ಇಳಿಸುವುದು ಆಗಸ್ಟ್‌ನಲ್ಲಿ. ಆ ಹೊಲದವರು ಸೆಪ್ಟೆಂಬರ್ ಮಳೆಯಲ್ಲಿ ನಿಂತು, ಇನ್ನು ಹುರುಳಿ ಚೆಲ್ಲಲು ಬೀಜ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು.